ಕೂಡದಗಲ್ಲು

ಕರಿಮೊರಡಿಯ ಬಡಗಣ ಹೊಲಗಳನ್ನು ದಾಟಿ ಹೊಳೆಯ ಕಡೆಗೆ ನಡೆದರೆ ಎರೆಮಣ್ಣು ಇದ್ದಕ್ಕಿದ್ದಂತೆ ಮುಗಿದು ಕಲ್ಲು ಶುರುವಾಗುತ್ತದೆ. ಅಲ್ಲಿಯವರೆಗೆ ಅಗಲವಾಗಿ ಮೈಚೆಲ್ಲಿ ಹರಿದು ಬಂದ ಕೃಷ್ಣೆ ಇಲ್ಲಿ ಎರಡು ದಂಡೆಗಳ ಬಂಡೆಗಳ ನಡುವೆ ಸೊಂಟ ಬಿಗಿದುಕೊಂಡು ನುಗ್ಗುತ್ತಾಳೆ. ಬೇಸಿಗೆಯಲ್ಲಿಯೂ ಅವಳ ಸದ್ದು ಅಡಗುವುದಿಲ್ಲ. ಮಳೆಗಾಲದಲ್ಲಂತೂ ಪಕ್ಕದಲ್ಲಿ ನಿಂತವನ ಮಾತು ಕೇಳದು. ನಮ್ಮ ದಂಡೆಗುಂಟ ಒಂದು ಉದ್ದನೆಯ ಹಾಸುಬಂಡೆಯಿದೆ. ಅದರ ಮೈ ಎಲ್ಲ ಕಡೆಯೂ ಒರಟು. ಆದರೆ ನೀರಿನಂಚಿಗೆ ಸಮಾಂತರವಾಗಿ, ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲಕ್ಕೆ, ಒಂದು ಪಟ್ಟೆ ಮಾತ್ರ ಹಳೆಯ ಮನೆಯ ಹೊಸ್ತಿಲಿನಂತೆ ನುಣುಪಾಗಿದೆ. ಇದಕ್ಕೆ ಕೂಡದಗಲ್ಲು ಎಂದು ಹೆಸರು. ದಾರಿಯಲ್ಲಿ ಯಾರೋ ನೆಟ್ಟ ಫಲಕದಲ್ಲಿ ‘ಕೂಡಲಗಲ್ಲು’ ಎಂದು ಬರೆದಿರುವುದರಿಂದ ಹೊರಗಿನವರು ಬಂದು ಎರಡನೆಯ ಹೊಳೆ ಎಲ್ಲಿ ಕೂಡುತ್ತದೆಂದು ಹುಡುಕಿ ದಣಿಯುವುದುಂಟು. ಎರಡು ದಂಡೆಗಳು ಎಂದೂ ಒಂದನ್ನೊಂದು ಕೂಡಲಾರದ ಜಾಗವಾದ್ದರಿಂದ ಈ ಹೆಸರು ಎಂದು ಕೆಲವರು ಹೇಳುತ್ತಾರೆ. ಇಲ್ಲಿ ಈಜಕೂಡದು ಎಂಬ ಎಚ್ಚರಿಕೆಯೇ ಹೆಸರಾಯಿತು ಎಂದು ಇನ್ನು ಕೆಲವರು. ಎರಡೂ ಸರಿಯಲ್ಲ. ನಮ್ಮ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ಹೇಳುವ ಮಾತು ‘ಕೂಡ್ರಿ’ ಎಂದು. ಕೂಡು ಎಂದರೆ ಕುಳಿತುಕೋ. ಕೂಡದಗಲ್ಲು ಎಂದರೆ ಯಾರೂ ಕುಳಿತುಕೊಳ್ಳದ ಕಲ್ಲು. ಯಾರು ಕುಳಿತುಕೊಳ್ಳಲಿಲ್ಲ, ಏಕೆ ಕುಳಿತುಕೊಳ್ಳಲಿಲ್ಲ ಎಂಬುದನ್ನು ನಮ್ಮ ಹಿರಿಯರು ಹೇಳುತ್ತ ಬಂದಂತೆ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಹೊಳೆಗೆ ಸೇತುವೆಯೆಂಬುದು ಯಾರ ಕನಸಿನಲ್ಲಿಯೂ ಇರದಿದ್ದ ಕಾಲದಲ್ಲಿ, ಕರಿಮೊರಡಿಯ ಬಾವಿ ಓಣಿಯಲ್ಲಿ ಅಮೋಗೆಪ್ಪನೆಂಬ ಕಂಬಳಿ ನೇಯುವ ಹಿರಿಯನಿದ್ದನು. ಹೆಂಡತಿ ಮಾಳವ್ವ, ಕುರಿ ಮೇಯಿಸಲು ವರ್ಷದ ಬಹುಪಾಲು ಮೂಡಣ ಸೀಮೆಯಲ್ಲಿ ಅಲೆಯುತ್ತಿದ್ದ ಗಂಡುಮಕ್ಕಳು, ಎಲ್ಲರಿಗಿಂತ ಕಿರಿಯಳಾದ ಮಗಳು ನೀಲವ್ವ, ಇದು ಅವನ ಸಂಸಾರ. ಆದರೆ ಸಂಸಾರದ ಗೋಡೆ ಎಲ್ಲಿ ಮುಗಿಯುತ್ತದೆ, ಓಣಿ ಎಲ್ಲಿ ಆರಂಭವಾಗುತ್ತದೆ ಎಂಬುದು ಅವನಿಗೆ ಸರಿಯಾಗಿ ತಿಳಿದಿರಲಿಲ್ಲವೆಂದು ತೋರುತ್ತದೆ. ನೆರೆಮನೆಯ ಕುಂಬಾರ ಸೂಗವ್ವನ ಗಂಡ ತೀರಿಕೊಂಡಾಗ, ಒಂಟಿ ಹೆಂಗಸು ಕತ್ತಲಲ್ಲಿ ಹೆದರಬಾರದೆಂದು, ಎರಡು ಮನೆಗಳ ನಡುವಿನ ಗೋಡೆಯಲ್ಲಿ ಅವನೇ ಒಂದು ಕಿಂಡಿ ಕೊರೆದನು. ಆ ಕಿಂಡಿಯಲ್ಲಿ ಮುಂದೆ ರೊಟ್ಟಿ ಹೋಯಿತು, ಕೆಂಡ ಬಂತು, ಊರಿನ ಸುದ್ದಿಯೆಲ್ಲ ಓಡಾಡಿತು. ಅವಳ ಹಸಿ ಗಡಿಗೆಗಳ ಮೇಲೆ ಅಕಾಲದ ಮಳೆ ಬಿದ್ದ ದಿನ, ಸಂತೆಗೆಂದು ಮಡಿಸಿಟ್ಟಿದ್ದ ಹೊಸ ಕಂಬಳಿಗಳನ್ನೆಲ್ಲ ಎತ್ತಿಕೊಂಡು ಓಡಿ ಗಡಿಗೆಗಳಿಗೆ ಹೊದಿಸಿದನು. ಕಂಬಳಿ ಕೆಸರಾದವು, ಗಡಿಗೆ ಉಳಿದವು. ಯಾವ ಮನೆಯಲ್ಲಾದರೂ ಗಂಡಹೆಂಡಿರ ಜಗಳ ಏರಿದರೆ ಒಲೆಗೆ ಕೆಂಡ ಬೇಕೆಂದು ನೆಪ ಹೇಳಿ ಒಳಗೆ ಹೋಗುತ್ತಿದ್ದನು. ಕೆಂಡ ಆರಿ ಬೂದಿಯಾಗುವವರೆಗೆ ಇಬ್ಬರ ನಡುವೆ ಕುಳಿತು ಹರಟೆ ಹೊಡೆದು, ಅವರು ನಕ್ಕ ಮೇಲೆ ಬರಿಗೈಯಲ್ಲಿ ಹೊರಗೆ ಬರುತ್ತಿದ್ದನು.

ಅವನಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಮಾತು ಹೆಚ್ಚು. ಮಗ್ಗದ ಮುಂದೆ ಕುಳಿತು ಮಾತಾಡುತ್ತಲೇ ನೇಯುತ್ತಿದ್ದುದರಿಂದ ಅವನ ಕಂಬಳಿಯ ಅಂಚು ಒಮ್ಮೆಯೂ ನೆಟ್ಟಗೆ ಬರಲಿಲ್ಲ. ಅಮೋಗೆಪ್ಪನ ಕಂಬಳಿ ಎದೆ ಮುಚ್ಚಿದರೆ ಕಾಲು ಬಿಡುತ್ತದೆ ಎಂದು ಸಂತೆಯಲ್ಲಿ ನಗುತ್ತಿದ್ದರು, ನಗುತ್ತಲೇ ಕೊಳ್ಳುತ್ತಿದ್ದರು. ಹೆಂಡತಿ ಉಣ್ಣದೆ ತಾನು ಉಣ್ಣುತ್ತಿರಲಿಲ್ಲ. ಆ ಕಾಲಕ್ಕೆ ಅದು ಓಣಿಗೆಲ್ಲ ಗೇಲಿಯ ಸಂಗತಿ. ತಾಯಿತಂದೆ ಇಲ್ಲದೆ ಬೆಳೆದ ಹುಲಿಗೆಪ್ಪನೆಂಬವನು ಚಿಕ್ಕಂದಿನಿಂದ ಅವನ ಪಡಸಾಲೆಯಲ್ಲೇ ಉಂಡು ಮಲಗಿ ದೊಡ್ಡವನಾದವನು. ಈಗ ಹೆಂಡತಿ ಮಕ್ಕಳೊಡನೆ ಎದುರುಮನೆಯಲ್ಲಿದ್ದು, ಹೊಳೆಯಲ್ಲಿ ಮೀನು ಹಿಡಿದು ಬದುಕುತ್ತಿದ್ದನು. ಆ ಹೊಳೆಯನ್ನು ಕಂಡರೆ ಅಮೋಗೆಪ್ಪನಿಗೆ ಮಾತ್ರ ವಿಪರೀತ ಅಂಜಿಕೆ. ಹರಿಗೋಲು ಹತ್ತಿದರೆ ಕಣ್ಣು ಮುಚ್ಚಿಕೊಂಡು ಬೀರದೇವರನ್ನು ನೆನೆಯುತ್ತಿದ್ದನು; ಆಚೆ ದಂಡೆಗೆ ಹೋಗಿ ಬರುವ ಕೆಲಸವಿದ್ದರೆ ಬೇಸಿಗೆಯವರೆಗೆ ಮುಂದೂಡುತ್ತಿದ್ದನು. ಆದರೂ ಮಗಳನ್ನು ಕೊಟ್ಟಿದ್ದು ಹೊಳೆಯಾಚೆಯ ಆಲದಾಳಕ್ಕೆ. ಅಳಿಯ ಬೀರಪ್ಪ ಒಳ್ಳೆಯವನು, ಮನೆತನ ಒಳ್ಳೆಯದು, ಹೊಳೆಯ ಸಲುವಾಗಿ ಮಗಳ ಒಳಿತನ್ನು ಬಿಡಲಾದೀತೇ ಎಂದನಂತೆ.

ನೀಲವ್ವನಿಗೆ ಚೊಚ್ಚಲ ಬಸಿರು. ಬಾಣಂತನಕ್ಕೆ ತವರಿಗೆ ಕರೆತರುವುದು ಪದ್ಧತಿ. ಮುಂಗಾರು ಇನ್ನೂ ದೂರವಿದೆ ಎಂದುಕೊಂಡು ಅಮೋಗೆಪ್ಪ ತಾನೇ ಹೊರಟನು. ಎಳೆಕುರಿಯ ಉಣ್ಣೆಯಿಂದ ನೇಯ್ದ ಒಂದು ಪುಟ್ಟ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡಿದ್ದನು. ಹುಲಿಗೆಪ್ಪನೇ ಹರಿಗೋಲಿನಲ್ಲಿ ದಾಟಿಸಿ ಬಂದನು. ನಾಲ್ಕು ದಿನ ಬೀಗರ ಉಪಚಾರ ಮುಗಿಸಿ ಮಗಳೊಡನೆ ಮರಳುವುದೆಂದು ಮಾತಾಗಿತ್ತು. ನಮ್ಮ ಆಕಾಶದಲ್ಲಿ ಒಂದು ಹತ್ತಿಯೆಳೆಯಷ್ಟು ಮೋಡವೂ ಇರಲಿಲ್ಲ. ಆದರೆ ಕೃಷ್ಣೆ ನಮ್ಮ ಆಕಾಶವನ್ನು ಕೇಳಿ ಬರುವವಳಲ್ಲ. ಪಡುವಣದ ಗಟ್ಟದಲ್ಲಿ ಎಲ್ಲೋ ಮಳೆ ಹೊಡೆಯಿತು. ಇಲ್ಲಿ ಬಿಸಿಲು ಸುಡುತ್ತಿರುವಾಗಲೇ ಹೊಳೆ ಕೆಂಪಾಗಿ, ಮರದ ಬೊಡ್ಡೆಗಳನ್ನು ಹೊರಳಿಸುತ್ತ ಬಂತು. ಹರಿಗೋಲುಗಳನ್ನು ಮೇಲಕ್ಕೆಳೆದು ಬೋರಲು ಹಾಕಿದರು. ಮಾಳವ್ವ ಬಾಣಂತಿಯ ಆರೈಕೆಗೆಂದು ಅಜವಾನ, ಒಣಕೊಬ್ಬರಿ, ಅಂಟು ಎಲ್ಲ ಕೂಡಿಟ್ಟುಕೊಂಡು ಈಚೆ ಉಳಿದಳು. ತುಂಬು ಬಸುರಿ ಮಗಳು ಮತ್ತು ಗಂಡ ಆಚೆ ಉಳಿದರು.

ಅಂದಿನಿಂದ ಮಾಳವ್ವನ ಕಾಲು ಒಂದು ಕಡೆ ನಿಲ್ಲಲಿಲ್ಲ. ಒಲೆ ಹಚ್ಚಿ ಹೊಳೆಗೆ ಓಡುವಳು, ಹೊಳೆ ನೋಡಿ ಒಲೆಗೆ ಓಡುವಳು. ಆಚೆ ದಂಡೆ ಕಣ್ಣಿಗೆ ನಿಲುಕುವುದು ಈ ಹಾಸುಬಂಡೆಯಿಂದ ಮಾತ್ರ. ಕೂಗಿದರೆ ಕೇಳುವಂತಿಲ್ಲ, ಮುಖ ಗುರುತು ಹತ್ತುವಂತಿಲ್ಲ. ಎರಡನೆಯ ದಿನ ಆಚೆಯ ಬಂಡೆಯ ಮೇಲೆ ಒಬ್ಬನು ಬಂದು, ಕೋಲಿಗೆ ಕರಿ ಕಂಬಳಿ ಸಿಕ್ಕಿಸಿ ಎತ್ತಿ ತೋರಿಸಿದನು. ನೀರಿನಿಂದ ಮಾರು ದೂರದಲ್ಲೇ, ಹಿಂದಕ್ಕೆ ಬಾಗಿ ನಿಂತಿದ್ದ ರೀತಿಯಿಂದಲೇ ಅದು ಅಮೋಗೆಪ್ಪನೆಂದು ಓಣಿಯವರಿಗೆಲ್ಲ ತಿಳಿಯಿತು. ಮಾಳವ್ವ ಸೆರಗು ಬೀಸಿದಳು. ಅಲ್ಲಿಂದ ಮುಂದೆ ಪ್ರತಿ ಮುಂಜಾನೆ ಅವನು ಬಂದು ಕಂಬಳಿ ಎತ್ತುವನು, ಇವಳು ಸೆರಗು ಬೀಸುವಳು. ಎಲ್ಲ ಸುಖವಾಗಿದೆ, ಇನ್ನೂ ಹೆರಿಗೆಯಾಗಿಲ್ಲ, ಇಷ್ಟೇ ಅದರ ಅರ್ಥ. ಅಷ್ಟು ಸಿಕ್ಕರೆ ಅಂದಿನ ದಿನ ಹೇಗೋ ಕಳೆಯುತ್ತಿತ್ತು.

ಒಂದು ಮುಂಜಾನೆ ಆಚೆಯ ಬಂಡೆ ಬರಿದಾಗಿತ್ತು. ಬಿಸಿಲು ಏರಿತು, ಯಾರೂ ಬರಲಿಲ್ಲ. ಮಾಳವ್ವ ನೀರಿನಂಚಿಗೆ ನಡೆದಳು, ಹಿಂದಕ್ಕೆ ಬಂದಳು, ಬಂಡೆಯ ಆ ತುದಿಗೆ ಹೋದಳು, ಈ ತುದಿಗೆ ಬಂದಳು. ಆ ತುದಿಯಿಂದ ಕಾಣದ್ದು ಈ ತುದಿಯಿಂದ ಕಂಡೀತೆಂಬ ಆಸೆ. ಈ ತುದಿಗೆ ಬಂದೊಡನೆ ಆ ತುದಿಯಲ್ಲಿ ಇರಬೇಕಿತ್ತೆಂಬ ತಳಮಳ. ಸೂಗವ್ವ ನೀರಿನ ತಂಬಿಗೆ ಹಿಡಿದು ಬಂದು, “ಒಂದ್ಗಳಿಗಿ ಕೂಡು ಯಕ್ಕ. ಬಿಸಲಾಗ ಹಿಂಗ ತಿರುಗಿದ್ರ ಬೀಳ್ತಿ” ಎಂದಳು.

“ಕೂತ್ರ ಆಚಿ ದಂಡಿ ಕಾಣೂದಿಲ್ಲ” ಎಂದಳು ಮಾಳವ್ವ.

ಕುಳಿತರೂ ಕಾಣುತ್ತಿತ್ತು. ಸೂಗವ್ವ ತಂಬಿಗೆಯನ್ನು ಕಲ್ಲಿನ ಸಂದಿಯಲ್ಲಿಟ್ಟು, ಮೊಣಕಾಲು ನೋವಿನ ಆ ಮುದುಕಿ ಮಾಳವ್ವನ ಜೊತೆಗೆ ಹೆಜ್ಜೆ ಹಾಕತೊಡಗಿದಳು. ಸಂಜೆಯವರೆಗೆ ಓಣಿಯ ಒಬ್ಬೊಬ್ಬರೇ ಬಂದರು. ಬಂದವರು ಮೊದಲು ನಿಂತರು; ನಿಲ್ಲಲಾಗದೆ ನಡೆದರು. ಆ ದಿನ ಬಾವಿ ಓಣಿಯಲ್ಲಿ ಹಿಟ್ಟು ನಾದಿದ ಹಾಗೆಯೇ ಒಣಗಿತು, ಹಿಂಡದ ಎಮ್ಮೆಗಳು ಗೂಟದಲ್ಲಿ ಒದರಿದವು ಎನ್ನುತ್ತಾರೆ.

ಮರುದಿನ ಆಚೆ ದಂಡೆಯಲ್ಲಿ ಗುಂಪು ಕಾಣಿಸಿತು. ಆಲದಾಳದವರು ಅಷ್ಟು ಮಂದಿ ಒಟ್ಟಿಗೆ ಹೊಳೆಗೆ ಬಂದುದನ್ನು ಕಂಡೊಡನೆ ಈಚೆಯವರಿಗೆ ಒಂದು ಸಾವಾಗಿದೆಯೆಂದು ತಿಳಿದುಹೋಯಿತು. ಯಾರದೆಂದು ತಿಳಿಯಲಿಲ್ಲ. ಕೈ ಬೀಸಿದರು, ಕೂಗಿದರು. ಹೊಳೆ ಎಲ್ಲವನ್ನೂ ನುಂಗಿತು. ಚೊಚ್ಚಲ ಹೆರಿಗೆ, ತಾಯಿಯಿಲ್ಲದ ಊರು. ಮಾಳವ್ವನ ಬಾಯಿಂದ ಮಗಳ ಹೆಸರು ಹೊರಡುತ್ತಿತ್ತು, ಪೂರ್ತಿಯಾಗುತ್ತಿರಲಿಲ್ಲ. ಆಚೆಯವರಿಗೂ ಇವಳ ಸಂಕಟ ಅರ್ಥವಾಗಿರಬೇಕು. ಒಬ್ಬ ಹೆಂಗಸು ಗುಂಪಿನಿಂದ ಮುಂದೆ ಬಂದು, ಬಿಳಿಯ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದಳು. ಅದು ಸಣ್ಣಗೆ ಕೈಕಾಲು ಆಡಿಸಿತು. “ಕೂಸು! ಕೂಸು ಐತಿ!” ಎಂದು ಸೂಗವ್ವ ಚೀರಿದಳು. ಆಮೇಲೆ ನಾಲ್ವರು ಒಂದು ಹೊರಸನ್ನು ಹೊತ್ತು ನೀರಿನಂಚಿಗೆ ತಂದು ಇಳಿಸಿದರು. ಅದರ ಮೇಲೆ ಮಲಗಿದ್ದವಳು ಮೊಣಕೈ ಊರಿ ಎದ್ದು ಕೈ ಎತ್ತಿದಳು. ನೀಲವ್ವ. ಓಣಿಯವರೆಲ್ಲ ಒಮ್ಮೆಗೇ ಉಸಿರು ಬಿಟ್ಟರು. ಮಾಳವ್ವ ಮಾತ್ರ ಬಿಡಲಿಲ್ಲ. ಅವಳು ಇನ್ನೊಬ್ಬರಿಗಾಗಿ ಕಾಯುತ್ತಿದ್ದಳು. ಹೊರಸಿನ ಹಿಂದೆ, ಗುಂಪಿನ ಸಂದುಗಳಲ್ಲಿ, ಹಿಂದಕ್ಕೆ ಬಾಗಿ ನಿಲ್ಲುವ ಒಂದು ಆಕಾರವನ್ನು ಹುಡುಕುತ್ತಿದ್ದಳು. ಆಗ ಅಳಿಯ ಬೀರಪ್ಪ ಮುಂದೆ ಬಂದನು. ಈಚೆ ಕಡೆ ಮುಖ ಮಾಡಿ ನಿಂತು, ತಲೆಯ ರುಮಾಲನ್ನು ಸುತ್ತು ಸುತ್ತಾಗಿ ಬಿಚ್ಚಿ, ಕಂಕುಳಲ್ಲಿಟ್ಟುಕೊಂಡು, ಬರಿತಲೆಯಲ್ಲಿ ಕೈಮುಗಿದನು.

ಮಾಳವ್ವ ಅಳಲಿಲ್ಲ, ಬೀಳಲಿಲ್ಲ. ತಿರುಗಿ ಬಂಡೆಯ ಮೂಡಣ ತುದಿಗೆ ನಡೆದಳು. ಅಲ್ಲಿಂದ ಪಡುವಣ ತುದಿಗೆ. ಹಿಂದೆ ಬಂದವರನ್ನು ನೋಡಲೂ ಇಲ್ಲ. ಅಷ್ಟರಲ್ಲಿ ಹುಲಿಗೆಪ್ಪ ಊರಿಗೆ ಓಡಿ ಮೂರ್ನಾಲ್ಕು ಒಣ ಸೋರೆಬುರುಡೆಗಳನ್ನು ತಂದು, ಈಜಿ ದಾಟಲು ಎದೆಗೆ ಬಿಗಿಯುತ್ತಿದ್ದನು. ಗಂಡುಮಕ್ಕಳು ಕುರಿಯ ಹಿಂದೆ ಎಲ್ಲಿದ್ದಾರೋ ತಿಳಿಯದು. ಮಣ್ಣು ಕೊಡಲು ಈ ದಂಡೆಯಿಂದ ಒಂದು ಕೈಯಾದರೂ ಹೋಗಬೇಡವೇ ಎಂಬುದು ಅವನ ವಾದ. ಹಿಡಿಯಲು ಹೋದವರನ್ನು ತಳ್ಳಿದನು. ಅವನ ಹೆಂಡತಿ ಬಂಡೆಗೆ ತಲೆ ಬಡಿದುಕೊಂಡಳು. ಅದೂ ಅವನಿಗೆ ಕಾಣಿಸಲಿಲ್ಲ. ಮಾಳವ್ವ ನಡೆಯುತ್ತಿದ್ದವಳು ಅವನ ಮುಂದೆ ಬಂದು ದಾರಿಗೆ ಅಡ್ಡವಾದಳು.

“ಬಿಚ್ಚು” ಎಂದಳು.

“ಬ್ಯಾಡ ಯವ್ವಾ, ತಡೀಬ್ಯಾಡ. ನನಗ ಅಪ್ಪ ಅಂದ್ರ ಆತನ. ಇಲ್ಲಿ ನಿಂತು ನೋಡಾಕ ನನ್ನಿಂದ ಆಗೂದಿಲ್ಲ.”

“ನನ್ನಿಂದ ಆಗತೈತೇನು? ಹೊಳಿ ಅಂದ್ರ ಆತಗ ಜೀವ ಹೋಗತಿತ್ತು. ನೀ ಮೀನ ಹಿಡ್ಯಾಕ ಹೋದಾಗೆಲ್ಲ, ನೀ ತಿರುಗಿ ಬರೂತನಕ ಮಗ್ಗದ ಮುಂದ ಕೂತು ಒಂದೆಳಿನೂ ನೇಯತಿರಲಿಲ್ಲ. ಇವತ್ತು ಆತನ ಸಲುವಾಗಿ ನಿನ್ನ ಹೊಳ್ಯಾಗ ಬಿಡ್ಲೇನು? ಆಚಿಗಿ ಒಬ್ಬಾತ ಸಾಕು. ಬಿಚ್ಚು ಮಗನ, ಬಂದು ನನ್ನ ಕೂಡ ನಡಿ.”

ಹುಲಿಗೆಪ್ಪ ಗಂಟನ್ನು ಎಷ್ಟು ಬಿಗಿದಿದ್ದನೆಂದರೆ ಅವನಿಗೇ ಬಿಚ್ಚಲಾಗಲಿಲ್ಲ. ಮಾಳವ್ವನೇ ಹಲ್ಲಿನಿಂದ ಹಗ್ಗ ಸಡಿಲಿಸಿ ಬುರುಡೆಗಳನ್ನು ಒಂದೊಂದಾಗಿ ಹೊಳೆಗೆ ಎಸೆದಳು. ಅವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸುಳಿಯಲ್ಲಿ ಮಾಯವಾದವು. ಅದನ್ನು ಕಂಡ ಮೇಲೆ ಯಾರೂ ದಾಟುವ ಮಾತೆತ್ತಲಿಲ್ಲ.

ಮಧ್ಯಾಹ್ನ ಆಲದಾಳದವರು ದೊಡ್ಡ ಮನಸ್ಸಿನ ಕೆಲಸವೊಂದನ್ನು ಮಾಡಿದರು. ಸೀಮೆಯ ಪದ್ಧತಿಯಂತೆ ಅಮೋಗೆಪ್ಪನನ್ನು ಕುಳ್ಳಿರಿಸಿ ಶೃಂಗರಿಸಿ, ಕುಳಿಗೆ ಒಯ್ಯುವ ಮೊದಲು ಬಂಡೆಯ ಮೇಲಕ್ಕೆ ತಂದು, ಹೆಂಡತಿಗೂ ಓಣಿಯವರಿಗೂ ಕಾಣುವಂತೆ ಹೊಳೆಗೆ ಮುಖ ಮಾಡಿ ಇಟ್ಟರು. ಕೆಂಪು ರುಮಾಲು, ಹೆಗಲ ಮೇಲೆ ಕರಿ ಕಂಬಳಿ, ಇಷ್ಟೇ ಕಾಣುತ್ತಿತ್ತು. ಮಾಳವ್ವ ನೋಡಿ, “ಹೆಂಗ ಕೂತಾನ ನೋಡ್ರಿ. ಅಂಜಿಕಿನ ಇಲ್ಲ” ಎಂದಳಂತೆ. ಆಚೆಯವರು ಮಣ್ಣು ಹಾಕುವ ಹೊತ್ತಿಗೆ ಈಚೆಯವರೂ ಹೊಲದಿಂದ ಹಿಡಿಹಿಡಿ ಎರೆಮಣ್ಣು ತಂದು ಹೊಳೆಗೆ ಹಾಕಿದರು. ಸತ್ತವರ ಮನೆಯಲ್ಲಿ ನೆರೆಯವರು ಕೂಡಿ ಕುಳಿತು ಸತ್ತವರ ಮಾತಾಡುವುದು ರೂಢಿ. ಮಾಳವ್ವ ಮನೆಗೆ ಹೋಗಲಿಲ್ಲ, ಕುಳಿತುಕೊಳ್ಳಲೂ ಇಲ್ಲ. ಆದ್ದರಿಂದ ಯಾರೂ ಕುಳಿತುಕೊಳ್ಳಲಿಲ್ಲ. ಮಾತೆಲ್ಲ ನಡೆಯುತ್ತಲೇ ಆಯಿತು. ಸೂಗವ್ವ ಕಿಂಡಿಯ ಮಾತು ತೆಗೆದಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವವರೆಗೆ ಅದು ಮುಗಿಯಲಿಲ್ಲ. ಒಬ್ಬನು ಕೆಂಡದ ನೆಪ ಹೇಳಿ ತನ್ನ ಮನೆಗೆ ಅವನು ಬಂದಿದ್ದನ್ನು ಹೇಳಿ ನಗಲು ಹೋಗಿ ಬಿಕ್ಕಿದನು. ಹೇಳುವವರು ಮಾಳವ್ವನ ಪಕ್ಕಕ್ಕೆ ಬರುವರು, ಹೇಳಿ ಮುಗಿಸಿ ಹಿಂದೆ ಸರಿಯುವರು, ಇನ್ನೊಬ್ಬರು ಆ ಜಾಗಕ್ಕೆ ಬರುವರು. ಹುಲಿಗೆಪ್ಪ ಮಾತ್ರ ಕೊನೆಯವರೆಗೂ ಅವಳ ಇನ್ನೊಂದು ಮಗ್ಗುಲಲ್ಲಿದ್ದನು.

ಅಂದಿಗೆ ಅದು ಮುಗಿಯಲಿಲ್ಲ. ಹೊಳೆ ಇಳಿಯುವಂತೆ ತೋರುವುದು, ಬೆಳಗಾಗುವಷ್ಟರಲ್ಲಿ ಮತ್ತೆ ಬಂಡೆಯ ಬುಡ ಮುಟ್ಟುವುದು. ಮಾಳವ್ವ ದಿನವೂ ಬಂದಳು. ತಾನಿಲ್ಲದ ಊರಿನಲ್ಲಿ ಗಂಡ ಹೇಗೆ ಸತ್ತನು, ಕೊನೆಗೆ ಏನಂದನು, ನೀರು ಕೇಳಿದನೋ, ಯಾರಾದರೂ ಕೊಟ್ಟರೋ? ಹುಟ್ಟಿದ ಕೂಸು ಗಂಡೋ ಹೆಣ್ಣೋ? ಕೇಳುವುದಕ್ಕೆ ಅಷ್ಟಿತ್ತು, ಹೇಳುವವರು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇದ್ದರು, ಒಂದು ಅಕ್ಷರವೂ ದಾಟಿ ಬರಲಿಲ್ಲ. ಮನೆಯಲ್ಲಿ ಚಾಪೆ ಹಾಸಿದರೆ ಅದರ ಸುತ್ತ ನಡೆಯುವಳು. ತುತ್ತನ್ನು ನಿಂತೇ ತಿನ್ನುವಳು. ದುಃಖಕ್ಕೆ ಒರಗಿಕೊಳ್ಳಲು ಒಂದು ಗೋಡೆಯಾದರೂ ಬೇಕು, ಅವಳಿಗೆ ಅದು ಸಿಗಲಿಲ್ಲವೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಓಣಿಯವರು ಸರದಿಯೆಂದು ಏನೂ ಗೊತ್ತುಮಾಡಿಕೊಳ್ಳದಿದ್ದರೂ, ಅವಳು ಬಂಡೆಗೆ ಬಂದಾಗ ಅವಳ ಜೊತೆ ಒಬ್ಬರಾದರೂ ಇಲ್ಲದ ಹೊತ್ತು ಇರಲಿಲ್ಲ.

ಕಡೆಗೆ ನೀರು ತಿಳಿಯಾಗಿ ಇಳಿಯಿತು. ಹುಲಿಗೆಪ್ಪ ಮೊದಲ ಹರಿಗೋಲು ಹಾಕಿದನು. ಮಾಳವ್ವನೂ ಸೂಗವ್ವನೂ ದಾಟಿದರು. ಹರಿಗೋಲಿನಲ್ಲಿಯೂ ಮಾಳವ್ವ ಸೂಗವ್ವನ ಹೆಗಲು ಹಿಡಿದು ನಿಂತೇ ಇದ್ದಳಂತೆ. ಗೋರಿಯ ಹಸಿಮಣ್ಣನ್ನು ಸುತ್ತುಹಾಕಿದಳು, ನಿಲ್ಲಲಿಲ್ಲ. ಬೀರಪ್ಪ ನಡೆದದ್ದನ್ನು ಹೇಳಿದನು. ಹೆರಿಗೆಯ ನೋವು ಶುರುವಾದ ಮುಂಜಾನೆ ಮುದುಕ ಬಾಗಿಲು ಬಿಟ್ಟು ಕದಲಿರಲಿಲ್ಲ. ಅದಕ್ಕೇ ಅಂದು ಬಂಡೆ ಬರಿದಾಗಿದ್ದುದು. ಮಧ್ಯಾಹ್ನ ಕೂಸಿನ ಅಳು ಕೇಳಿದೊಡನೆ ಒಳಗೆ ಇಣುಕಿ ಮಗಳ ಮುಖ ನೋಡಿ, ಪುಟ್ಟ ಕಂಬಳಿಯನ್ನು ಸೂಲಗಿತ್ತಿಯ ಕೈಗಿತ್ತು, “ಆಕಿ ಅಲ್ಲಿ ತಿರುಗಾಡಿ ತಿರುಗಾಡಿ ಸಾಯ್ತಾಳ. ಮೊದಲು ತೋರಿಸಿ ಬರ್ತೀನಿ” ಎಂದು ಕೋಲು, ಕರಿ ಕಂಬಳಿ ತೆಗೆದುಕೊಂಡು ಹೊಳೆಯ ದಾರಿ ಹಿಡಿದನು. ಜೀವಮಾನದಲ್ಲಿ ಅವಸರವೆಂಬುದನ್ನು ಅರಿಯದವನು ಅಂದು ಉರಿಬಿಸಿಲಲ್ಲಿ ಓಡುನಡಿಗೆಯಲ್ಲಿ ಹೋದನು. ಬಂಡೆ ಇನ್ನೂ ಒಂದು ಹೊಲದಷ್ಟು ದೂರವಿರುವಾಗ ಬನ್ನಿಮರದ ನೆರಳಿಗೆ ಸರಿದು, ಕೋಲು ಊರಿಕೊಂಡು ಕುಳಿತವನು ಏಳಲಿಲ್ಲ.

ಮಾಳವ್ವ ಇದನ್ನೆಲ್ಲ ಅಂಗಳದಲ್ಲಿ ತಿರುಗುತ್ತಲೇ ಕೇಳಿದಳು. ಒಳಗಿನಿಂದ ನೀಲವ್ವ ಕರೆದಳು. ಬಾಣಂತಿಯ ಕೋಣೆಯ ಕತ್ತಲಿಗೆ ಕಣ್ಣು ಹೊಂದುವವರೆಗೆ ತಾಯಿ ಬಾಗಿಲಲ್ಲೇ ಕಾಲು ಬದಲಿಸುತ್ತಿದ್ದಳು. ಹೆಣ್ಣುಕೂಸು. ಅಂಚು ನೆಟ್ಟಗಿಲ್ಲದ ಪುಟ್ಟ ಕಂಬಳಿಯಲ್ಲಿ ಸುತ್ತಿಟ್ಟಿದ್ದರು. ನೀಲವ್ವ ಅದನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಚಾಚಿ, “ತೊಗೊ ಯವ್ವಾ. ಇನ್ನೂ ಕುತ್ತಿಗಿ ನಿಂತಿಲ್ಲ, ತೊಡಿ ಮ್ಯಾಲ ಹಾಕ್ಕೋಬೇಕು. ಕೂಡು” ಎಂದಳು. ಮಾಳವ್ವ ಕುಳಿತಳು. ಕುಳಿತು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಗಂಡ ಸತ್ತ ಮೇಲೆ ಮೊದಲ ಸಲ ಬಾಯಿ ತೆರೆದು ಅತ್ತಳು. ಹೊರಗೆ ಅಂಗಳದಲ್ಲಿ ಆ ಅಳು ಕೇಳಿದಾಗ ಸೂಗವ್ವ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಇಳಿದಳು, ಹುಲಿಗೆಪ್ಪನೂ ಕುಳಿತನು.

ಮಾಳವ್ವ ಬಾಣಂತನ ಮುಗಿಸಿ ಊರಿಗೆ ಮರಳಿದಳು, ಕುರಿಯಿಂದ ಬಂದ ಮಕ್ಕಳಿಗೆ ತಾನೇ ಸುದ್ದಿ ಹೇಳಿದಳು, ಮುಂದೆ ಬಹಳ ಕಾಲ ಬದುಕಿದಳು. ಆದರೆ ಹೊಳೆ ತುಂಬಿ ಬಂದ ದಿನಗಳಲ್ಲಿ ಮನೆಯಲ್ಲಿ ನಿಲ್ಲಲಾಗದೆ ಬಂಡೆಗೆ ಬಂದು ತಿರುಗುತ್ತಿದ್ದಳು; ಓಣಿಯವರು ಬಂದು ಜೊತೆಗೂಡುತ್ತಿದ್ದರು. ಅವರ ಕಾಲಿನಿಂದಲೇ ಈ ಪಟ್ಟೆ ನುಣುಪಾಯಿತು ಎನ್ನುತ್ತಾರೆ. ಹೊಳೆಯೇ ಸವೆಸಿದ್ದು ಎಂದು ಕಲ್ಲಿನ ಜಾತಿ ಬಲ್ಲವರು ಹೇಳಿದ್ದನ್ನೂ ಕೇಳಿದ್ದೇನೆ. ಈ ವಿಷಯದಲ್ಲಿ ವಾದ ಮಾಡುವಷ್ಟು ನಾನು ತಿಳಿದವನಲ್ಲ.

ಈಗ ಮೇಲ್ಗಡೆ ಸೇತುವೆಯಾಗಿ ಬಸ್ಸು ಓಡಾಡುತ್ತವೆ. ಆಚೆ ದಂಡೆಯ ಗೋರಿಗೆ ಎರಡೂ ಊರಿನವರು ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಾರೆ. ಇಲ್ಲಿಂದ ಅದು ಹಾಲಿನ ಹನಿಯಷ್ಟು ಬೆಳ್ಳಗೆ ಕಾಣುತ್ತದೆ. ನೋಡಲು ಬಂದವರಿಗೆ ಬಂಡೆ, ಹೊಳೆ, ಆ ಬಿಳಿ ಚುಕ್ಕೆ ಬಿಟ್ಟರೆ ಬೇರೇನೂ ಇಲ್ಲ. ಹೋದ ಮಳೆಗಾಲದಲ್ಲಿ ನಾನು ಅತ್ತ ಹೋದಾಗ ಅಪರಿಚಿತನೊಬ್ಬನು ಅಲ್ಲಿ ಶತಪಥ ಹಾಕುತ್ತಿದ್ದನು. ಮೋಟಾರುಸೈಕಲ್ಲನ್ನು ಹೊಲದ ಬದುವಿಗೆ ಒರಗಿಸಿದ್ದನು. ಮೊಬೈಲನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದನು. ಕೆಳಗೆ ಬಟ್ಟೆ ಒಗೆಯುತ್ತಿದ್ದ ನಮ್ಮೂರಿನ ಹೆಂಗಸೊಬ್ಬಳು ತಲೆಯೆತ್ತಿ ಅವನನ್ನು ನೋಡಿದಳು. ಒದ್ದೆ ಬಟ್ಟೆಗಳನ್ನು ಕಲ್ಲಿನ ಮೇಲೆ ಬಿಟ್ಟು, ಸೀರೆಯ ಅಂಚು ಹಿಂಡಿಕೊಂಡು ಮೇಲೆ ಬಂದಳು. ಯಾವ ಊರು ಎಂದು ಕೇಳಲಿಲ್ಲ, ಏನಾಯಿತು ಎಂದೂ ಕೇಳಲಿಲ್ಲ. ಅವನು ಪಡುವಣ ತುದಿಯಿಂದ ತಿರುಗಿ ಬರುವವರೆಗೆ ನಿಂತಿದ್ದು, ಅವನ ಮಗ್ಗುಲಿಗೆ ಸೇರಿಕೊಂಡು ನಡೆಯತೊಡಗಿದಳು.